ಮರಳಿನ ಚೀಲದ ಮೇಲಿನ ಹೆಜ್ಜೆ

ನಾಗವೇಣಿ, ಅಂದು ನಿನ್ನ ಕಾಲು ಬೇಸ್‌ಗೆ ತಾಗಿತ್ತು. ತಾಗಿಲ್ಲ ಎಂದು ನಾನು ಹೇಳಿದ್ದು ಸುಳ್ಳು.

ಕಾರವಾರದ ನಮಗೂ ಅಂಕೋಲೆಯ ನಿಮಗೂ ಸಾಫ್ಟ್‌ಬಾಲ್ ಪಂದ್ಯ. ಕೊನೆಯ ಸರದಿ, ರನ್ನು ಸಮಸಮ. ಮೂರನೇ ಬೇಸ್ ಕಾಯುತ್ತಿದ್ದವಳು ನಾನು. ನೀನು ಬರಿಗಾಲಲ್ಲಿ ಓಡಿ ಬಂದು, ಅದನ್ನು ಮೆಟ್ಟಿ, ಹೋಮ್ ಮುಟ್ಟಿದೆ. ನೀವು ಗೆದ್ದಿರಿ. ಗೆದ್ದವರಿಂದಲೇ ಜಿಲ್ಲಾ ತಂಡಕ್ಕೆ ಆರಿಸುತ್ತಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು—

ನಾನು ಚೆಂಡು ಹಿಡಿದು ಬೇಸ್ ಮೇಲೆ ನಿಂತೆ. ಇವಳು ಇದನ್ನು ಮುಟ್ಟದೆ ಓಡಿದಳು ಎಂದು ಕೂಗಿದೆ. ಬೇಸ್ ಮುಟ್ಟದಿದ್ದರೆ ಔಟ್, ರನ್ನೂ ಇಲ್ಲ. ಇದ್ದ ಒಬ್ಬ ಅಂಪೈರರ ಕಣ್ಣು ಬೇರೆ ಕಡೆ ಇತ್ತು. ನಿಮ್ಮವರು ತಕರಾರು ಎತ್ತಿದರು. ನಮ್ಮ ಮೈದಾನದ ರೂಢಿ ನಿನಗೆ ನೆನಪಿದೆಯಲ್ಲ—ಬೇಸ್ ಎಂದರೆ ಕಡಲ ಮರಳು ತುಂಬಿದ ಗೊಬ್ಬರದ ಚೀಲ. ಮೆಟ್ಟಿದರೆ ತಗ್ಗು ಬೀಳುತ್ತದೆ. ಅಂಪೈರ್ ಬಂದು ಆ ತಗ್ಗು ನೋಡಿ ತೀರ್ಪು ಹೇಳುತ್ತಿದ್ದರು. ನಿನ್ನ ಕಾಲಿನ ತಗ್ಗು ಅಲ್ಲೇ ಇತ್ತು. ಸರಿಯಾಗಿ ಅದರ ಮೇಲೆಯೇ ನನ್ನ ಕಾಲು. ಬೇಕೆಂದೇ ಊರಿದ್ದೆ.

ಅಂಪೈರರಿಗೆ ಕಂಡದ್ದು ನನ್ನ ಕಾಲಿನ ತಗ್ಗು ಮಾತ್ರ; ಅವರು ನನ್ನ ಹಣೆಯ ಕುಂಕುಮ ನೋಡಿದರು. "ನೀ ದೇವರಿಗೆ ನಡಕೊಳ್ಳೋ ಹುಡುಗಿ. ಖರೆ ಹೇಳು, ತಾಗಿತ್ತೇನೆ?"

"ಇಲ್ಲ ಸರ್."

ನೀನು ಔಟ್. ಮುಂದೆ ಗೆದ್ದದ್ದು ನಾವು, ಜಿಲ್ಲಾ ತಂಡಕ್ಕೆ ಹೋದದ್ದು ನಾನು.

ಸಂಜೆ ದೀಪ ಹಚ್ಚಿ ದೇವರ ಸಣ್ಣಪುಟ್ಟ ಉಪಕಾರ ನೆನೆಯುವುದು ನನ್ನ ಅಭ್ಯಾಸ—ಹಾಲು ಒಡೆಯಲಿಲ್ಲ, ಅತ್ತೆಯ ಕೆಮ್ಮು ಇಳಿಯಿತು, ತಂದ ಬಂಗಡೆ ಮೀನು ತಾಜಾ ಇತ್ತು. ಎಷ್ಟೋ ವರ್ಷ ಆ ಪಂದ್ಯವನ್ನೂ ಅವುಗಳ ಜೊತೆ ಸೇರಿಸಿದ್ದೆ. ಕದ್ದದ್ದನ್ನು ದೇವರು ಕೊಟ್ಟದ್ದೆಂದು...

ಹೋದ ವಾರ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕಿದೆ. ಪಕ್ಕದಲ್ಲಿ ಬ್ಯಾಟು ಹಿಡಿದ ಮಗಳು. ಬೈಯುತ್ತೀಯೇನೋ ಎಂದು ಹೆದರಿದೆ. ನೀನು ನಕ್ಕೆ.

"ನಾ ಅವತ್ತು ಬೇಸ್ ಬಿಟ್ಟೇ ಓಡಿದ್ದೆ ಕಾಣ್ತದೆ ಮಾರಾಯ್ತಿ. ಇವಳಿಗೂ ಅದೇ ಹೇಳ್ತೆ, ನನ್ನ ಹಾಂಗೆ ಗಡಿಬಿಡಿ ಮಾಡ್ಬೇಡ ಅಂತ."

"ಆಯಿದು ದಿನಾ ಇದೇ ಪುರಾಣ," ಎಂದು ತಾಯಿಯನ್ನು ಛೇಡಿಸಿದಳು ಮಗಳು.

ಪಂದ್ಯ ಹೋದದ್ದು ಹೋಯಿತು. ನಿನ್ನ ಕಾಲಿನ ಮೇಲೆ ನಿನಗೇ ನಂಬಿಕೆ ಇಲ್ಲದಂತೆ ಮಾಡಿದೆನಲ್ಲ—ನಿಜ ಅಲ್ಲೇ ಹೇಳಬೇಕಿತ್ತು. ಬಸ್ಸು ಬಂತು, ಹತ್ತಿಬಿಟ್ಟೆ.

ಆಟದ ನಿಯಮದಲ್ಲಿ ತಕರಾರಿಗೆ ಮುಂದಿನ ಚೆಂಡು ಎಸೆಯುವವರೆಗೆ ಮಾತ್ರ ಅವಕಾಶ. ಅದು ಎಂದೋ ಮುಗಿದಿದೆ; ನಿನ್ನ ರನ್ನು ತಿರುಗಿ ಬಾರದು. ಭಾನುವಾರ ಮಗಳ ಆಟ ಎಂದಿದ್ದೆಯಲ್ಲ, ನಾನು ಬರುತ್ತೇನೆ. ಅವಳೆದುರೇ ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಮಾತಾಡಿಸಬೇಕೆಂದೇನೂ ಇಲ್ಲ. ಅವಳಿಗೆ ಹೇಳುವ ಆ ಬುದ್ಧಿಮಾತೊಂದನ್ನು ಬಿಟ್ಟುಬಿಡು. ನೀನು ಬೇಸ್ ಮೆಟ್ಟಿಯೇ ಓಡಿದ್ದೆ.