ತಿರುಗಿಸಿದರೂ ಬದಲಾಗದ ಬಣ್ಣ

ಹೂಟಗಳ್ಳಿಯ ಒಂದು ಸಣ್ಣ ಕಚೇರಿಯಲ್ಲಿ ನನಗೀಗ ನೀರು ಹುಡುಕುವ ಕೆಲಸ. ನೆಲಕ್ಕೆ ಕಬ್ಬಿಣದ ಗೂಟ ಹೊಡೆದು, ತಂತಿ ಎಳೆದು, ಕರೆಂಟು ಹರಿಸಿ, ಕೆಳಗಿನ ಬಂಡೆಯಲ್ಲಿ ಬಿರುಕು ಎಲ್ಲಿದೆಯೆಂದು ಅಂಕಿಗಳಿಂದ ಊಹಿಸುವುದು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದರೆ ಮುಂದೇನು ಎಂದು ಕೇಳುವವರಿಗೆ ನಮ್ಮ ತರಗತಿಯನ್ನೇ ತೋರಿಸುತ್ತೇನೆ. ಒಬ್ಬ ಸುರಂಗ ಕೊರೆಯುವವರ ಜೊತೆ ಹಿಮಾಲಯದಲ್ಲಿದ್ದಾನೆ. ಒಬ್ಬಳು ಉಪಗ್ರಹದ ಚಿತ್ರ ನೋಡಿ ನಕ್ಷೆ ಮಾಡುತ್ತಾಳೆ. ಇಬ್ಬರು ಮೇಷ್ಟರಾದರು. ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವನು ದೇವರಾಜ ಮೊಹಲ್ಲಾದಲ್ಲಿ ಅವರಪ್ಪನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಾನೆ, ನಮ್ಮೆಲ್ಲರಿಗಿಂತ ಸುಖವಾಗಿದ್ದಾನೆ. ಗಣಿಗೆ ಹೋಗಬೇಕೆಂದು ಕನಸು ಕಂಡವನು ನಾನು.

ಓದುವಾಗ ನೆಂಟರ ಕೀಟಲೆ ಕಡಿಮೆಯಿರಲಿಲ್ಲ. ‘ಬೆಟ್ಟ ಅಗೆದು ಇಲಿ ಹಿಡಿಯೋ ಓದು’ ಎನ್ನುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ. ಆ ಓದಿನ ಸುಖ ಹೇಗೆ ಹೇಳುವುದು? ಕಲ್ಲನ್ನು ಕೊಯ್ದು, ಗಾಜಿಗೆ ಅಂಟಿಸಿ, ತೇಯ್ದು ತೇಯ್ದು ಈರುಳ್ಳಿ ಪೊರೆಯಷ್ಟು ತೆಳ್ಳಗೆ ಮಾಡಿದರೆ ಅದರೊಳಗಿಂದ ಬೆಳಕು ಹಾಯುತ್ತದೆ. ಸೂಕ್ಷ್ಮದರ್ಶಕದ ಕೆಳಗಿನ ದುಂಡು ತಟ್ಟೆಯ ಮೇಲೆ ಅದನ್ನಿಟ್ಟು ಮೆಲ್ಲಗೆ ತಿರುಗಿಸಿದರೆ ಒಂದು ಹರಳು ಕತ್ತಲಾಗುತ್ತದೆ, ಪಕ್ಕದ್ದು ಬೆಳಗುತ್ತದೆ, ಮತ್ತೆ ಅದೂ ನಂದುತ್ತದೆ. ಮಧ್ಯಾಹ್ನದ ಪ್ರಾಕ್ಟಿಕಲ್‌ನಲ್ಲಿ ಕಿಟಕಿಯಾಚೆ ಗಾಳಿಮರಗಳು ಸುಯ್‌ಗುಡುತ್ತಿರುವಾಗ ನಾನು ಕಣ್ಣು ಅಂಟಿಸಿಕೊಂಡು ಕೂತರೆ ಬೆಲ್ಲು ಹೊಡೆದದ್ದೂ ಕೇಳುತ್ತಿರಲಿಲ್ಲ. ಎಲ್ಲರೂ ‘ಅಬ್ಬಾ, ಏನ್ ಬಣ್ಣ!’ ಎನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ. ನನಗೆ ನೀಲಿ ಕಾಣುತ್ತಿತ್ತು, ಹಳದಿ ಕಾಣುತ್ತಿತ್ತು, ಎಷ್ಟೋ ಬಗೆಯ ಮಬ್ಬು ಕಾಣುತ್ತಿತ್ತು. ಅಷ್ಟೇ ಇರುವುದು ಎಂದುಕೊಂಡಿದ್ದೆ.

ಒಂದು ದಿನ ಪ್ರಾಕ್ಟಿಕಲ್ ತೆಗೆದುಕೊಳ್ಳುತ್ತಿದ್ದ ಮೇಡಂ ಚಾಮರಾಜನಗರದ ಕಡೆಯ ಕಲ್ಲು ಕೊಟ್ಟರು. ಎಣ್ಣೆ ಸವರಿದ ಹಾಗೆ ಮಿನುಗುವ ಕಪ್ಪು ಕಲ್ಲು. ಅದರಲ್ಲೊಂದು ಖನಿಜವಿದೆ. ತಟ್ಟೆ ತಿರುಗಿಸಿದಂತೆ ಅದು ತಿಳಿಗುಲಾಬಿಯಿಂದ ತಿಳಿಹಸಿರಿಗೆ ಹೊರಳುತ್ತದೆ. ಅದನ್ನು ಗುರುತಿಸುವುದೇ ಹಾಗೆ. ನಾನು ರೆಕಾರ್ಡಿನಲ್ಲಿ ‘ಬಣ್ಣ ಬದಲಾಗುವುದಿಲ್ಲ’ ಎಂದು ಖಡಾಖಂಡಿತವಾಗಿ ಬರೆದಿದ್ದೆ. ಮೇಡಂ ಅದನ್ನು ಓದಿ ನನ್ನ ಪಕ್ಕ ಬಂದು ಕೂತರು.

‘ನೋಡು. ಈಗ ಯಾವ ಬಣ್ಣ?’

‘ತಿಳಿ ಬೂದು, ಮೇಡಂ.’

ತಟ್ಟೆಯನ್ನು ಕಾಲು ಸುತ್ತು ತಿರುಗಿಸಿದರು. ‘ಈಗ?’

‘ಅದೇ, ಮೇಡಂ.’

‘ಸರಿಯಾಗಿ ನೋಡಪ್ಪಾ.’

‘ಅದೇ ಬಣ್ಣ ಮೇಡಂ.’

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ಎಲ್ಲರೂ ಹೋದಮೇಲೆ ನನ್ನನ್ನು ಉಳಿಸಿಕೊಂಡು, ಕೆಂಪು ಹಸಿರು ಬಣ್ಣ ಕೆಲವರ ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ, ಹುಟ್ಟಿನಿಂದಲೇ ಹಾಗೆ, ಕಾಯಿಲೆ ಏನಲ್ಲ ಎಂದರು. ‘ತಾಯಿ ಕಡೆಯಿಂದ ಬರುತ್ತೆ. ತಾಯಿಗೆ ಎಲ್ಲಾ ಸರಿಯಾಗೇ ಕಾಣ್ತಿರುತ್ತೆ, ಗಂಡುಮಗುಗೆ ಬಂದ್ಬಿಡುತ್ತೆ.’

ಕ್ಯಾಂಪಸ್ಸಿನ ಪಕ್ಕದ ಕೆರೆ ಏರಿಯ ಮೇಲೆ ನಡೆಯುತ್ತಾ ಹೋದೆ. ಬಾಲ್ಯವೆಲ್ಲ ತಲೆಕೆಳಗಾದಂತೆ ಅನ್ನಿಸಿತು. ನಮ್ಮಮ್ಮ ವಿದ್ಯಾರಣ್ಯಪುರಂನ ಮನೆಯಲ್ಲಿ ಕೂತು ಮಾರ್ಕೆಟ್ಟಿನ ಅಂಗಡಿಗೆ ಹೂ ಕಟ್ಟಿಕೊಡುತ್ತಾಳೆ. ಹಿತ್ತಲಲ್ಲಿ ನಾಲ್ಕು ಕನಕಾಂಬರದ ಗಿಡ. ಬಿಡಿಸಿಕೊಂಡು ಬಾ ಎಂದರೆ ನಾನು ಎಲೆಯ ನಡುವೆ ಕೈಯಾಡಿಸಿ, ಮೆತ್ತಗೆ ಸಿಕ್ಕಿದ್ದನ್ನು ಕೀಳುತ್ತಿದ್ದೆ. ಅಕ್ಕಪಕ್ಕದವರು ‘ಹಾಡುಹಗಲೇ ತಡಕಾಡ್ತಾನಲ್ಲ, ಸೋಮಾರಿ’ ಎನ್ನುತ್ತಿದ್ದರು. ನಾನೂ ಅದನ್ನು ನಂಬಿಕೊಂಡು ಬೆಳೆದೆ. ಅಂದು ಕೆರೆಯ ಬಳಿ ನನಗೆ ಸಿಟ್ಟೂ ಬಂತು, ಹಗುರವೂ ಆಯಿತು. ಜೊತೆಗೊಂದು ತೀರ್ಮಾನವನ್ನೂ ಮಾಡಿದೆ: ಇದನ್ನು ಅಮ್ಮನಿಗೆ ಹೇಳಬಾರದು. ನನಗೊಂದು ನೆಗಡಿ ಬಂದರೂ ತಾನು ಕೊಟ್ಟ ಮಜ್ಜಿಗೆಯಿಂದಲೇ ಬಂತು ಎಂದು ಕೊರಗುವವಳು ಅವಳು. ಇದು ತನ್ನಿಂದ ಬಂತೆಂದು ತಿಳಿದರೆ ಹೂ ಕಟ್ಟುವ ಕೈಯೇ ನಿಂತುಬಿಡುತ್ತದೆ.

ಮೇಡಂ ನನ್ನನ್ನು ಕೈಬಿಡಲಿಲ್ಲ. ಹರಳು ಎಲ್ಲಿ ಸೀಳುತ್ತದೆ, ಯಾವ ಕೋನದಲ್ಲಿ ಕತ್ತಲಾಗುತ್ತದೆ, ಅಂಚು ಎಷ್ಟು ದಪ್ಪಗೆ ಕಾಣುತ್ತದೆ ಎಂಬುದರಿಂದಲೇ ಗುರುತು ಹಿಡಿಯುವುದನ್ನು ಕಲಿಸಿದರು. ಪಕ್ಕದ ಬೆಂಚಿನವಳು ಪಿಸುಗುಟ್ಟುತ್ತಾ ಬಣ್ಣ ಹೇಳಿಕೊಟ್ಟಳು. ಗುಲಾಬಿ ಎಂಬುದು ನನಗೆ ಹೋಗದ ಊರಿನ ಹೆಸರಿನಂತಾಯಿತು. ಒಮ್ಮೊಮ್ಮೆ ಆ ಕಪ್ಪು ಕಲ್ಲಿನ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಯೋಚಿಸುತ್ತಿದ್ದೆ. ಇದು ಹುಟ್ಟಿದ್ದು ನೆಲದ ಎಷ್ಟೋ ಆಳದಲ್ಲಿ, ಕೆಂಡದಂಥ ಕಾವಿನಲ್ಲಿ, ಬೆಳಕಿನ ಸುಳಿವೇ ಇಲ್ಲದ ಕಡೆ. ಅಲ್ಲಿ ಯಾವ ಗುಲಾಬಿ, ಯಾವ ಹಸಿರು? ನೋಡುವವರು ಬರುವವರೆಗೆ ಅದು ಬಣ್ಣವಿಲ್ಲದೆಯೇ ಕೋಟ್ಯಂತರ ವರ್ಷ ಕೂತಿತ್ತು. ಆಗ ನನಗೂ ಅದಕ್ಕೂ ಏನೋ ಒಂದು ಒಪ್ಪಂದವಾದ ಹಾಗೆ ಅನ್ನಿಸಿ ಮನಸ್ಸು ತಣ್ಣಗಾಗುತ್ತಿತ್ತು.

ಓದು ಮುಗಿಯುವ ಹೊತ್ತಿಗೆ ಒಂದು ಗಣಿಯವರು ಭೂವಿಜ್ಞಾನಿಗಳನ್ನು ಆರಿಸಲು ಬಂದರು. ಬರೆಯುವ ಪರೀಕ್ಷೆ ಆಯಿತು, ಸಂದರ್ಶನ ಆಯಿತು. ಕಲ್ಲುಗಳನ್ನು ಮುಂದಿಟ್ಟರು. ಮುಟ್ಟಿ, ಗೀರಿ, ತೂಗಿ ಎಲ್ಲವನ್ನೂ ಹೇಳಿದೆ. ‘ನೀವು ಬರ್ತೀರಿ ಬಿಡಿ’ ಎಂದು ಒಬ್ಬರು ಬೆನ್ನು ತಟ್ಟಿದರು. ಉಳಿದದ್ದು ಆಸ್ಪತ್ರೆಯ ತಪಾಸಣೆ ಮಾತ್ರ. ಅಮ್ಮ ಆಗಲೇ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಕಣ್ಣಿನ ಡಾಕ್ಟರು ಚುಕ್ಕಿಗಳ ಪುಸ್ತಕ ತೆರೆದರು. ಪುಟದ ತುಂಬ ಬಣ್ಣದ ಚುಕ್ಕಿ, ಅದರೊಳಗೊಂದು ಅಂಕಿ. ನನಗೆ ಚುಕ್ಕಿಯಷ್ಟೇ. ಅವರು ಪುಟ ಮಗುಚಿದರು. ಚುಕ್ಕಿ. ಮತ್ತೆ ಚುಕ್ಕಿ. ಆಮೇಲೆ ಒಂದು ಪುಟದಲ್ಲಿ ಅಂಕಿ ಎದ್ದು ಕಂಡಿತು! ಮಂಜಿನಲ್ಲಿ ಬಸ್ಸಿನ ಬೋರ್ಡು ಕಂಡಂತೆ.

‘ಐದು!’ ಎಂದೆ, ಕುರ್ಚಿಯಿಂದ ಅರ್ಧ ಎದ್ದು.

ಡಾಕ್ಟರು ಪುಸ್ತಕವನ್ನು ಮುಚ್ಚಿದರು. ‘ಈ ಪುಟದಲ್ಲಿ ನಮಗೆ ಏನೂ ಕಾಣಲ್ಲ ಕಣ್ರೀ. ಈ ಅಂಕಿ ನಿಮ್ಮಂಥವರಿಗೆ ಮಾತ್ರ ಕಾಣೋದು.’ ಆಮೇಲೆ ಮೆಲ್ಲಗೆ, ‘ಗಣೀಲಿ ಸಿಡಿಮದ್ದು ಇಟ್ಟಾಗ ಕೆಂಪು ಬಾವುಟ, ಹಸಿರು ಬಾವುಟ ಗೊತ್ತಾಗ್ಬೇಕಲ್ಲ. ಬರೆದುಕೊಡೋಕಾಗಲ್ಲ, ಬೇಜಾರ್ ಮಾಡ್ಕೋಬೇಡಿ’ ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ಊರು ಹಿಂದಕ್ಕೆ ಜಾರುತ್ತಿತ್ತು. ನನಗೆ ಜಗತ್ತಿನ ಎಲ್ಲರ ಮೇಲೂ ಮುನಿಸು ಬಂದಿತ್ತು, ಆದರೂ ಮನೆ ಮುಟ್ಟುವಷ್ಟರಲ್ಲಿ ಒಂದು ಸುಳ್ಳು ಹೊಂದಿಸಿಕೊಳ್ಳಬೇಕಿತ್ತು.

ಅಮ್ಮ ಸಂಜೆ ಬಿಸಿಲಿಗೆ ಕಾಲು ಚಾಚಿ ಹೂ ಕಟ್ಟುತ್ತಿದ್ದಳು. ‘ಅದು ಬಾಳ ದೂರ ಅಂತಮ್ಮ. ನಾನೇ ಬ್ಯಾಡ ಅಂದ್ಬುಟ್ಟೆ’ ಎಂದೆ.

ಅವಳು ದಾರ ಬಿಗಿದು ಮತ್ತೊಂದು ಹೂ ಎತ್ತಿಕೊಂಡಳು. ‘ಕಣ್ಣು ನೋಡಿದ್ರಾ?’ ಎಂದು ಕೇಳಿದಳು.

ನಾನು ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತೆ.

‘ನಂಗೊತ್ತು ಕಣೋ. ಮೂರು ವರ್ಷದವನಿದ್ದಾಗ ಹಣ್ಣಾಗಿರೋ ಟೊಮೇಟೊ ತತ್ತಾ ಅಂದ್ರೆ ನೀನು ಕಾಯಿ ತಂದುಕೊಟ್ಟೆ. ಇನ್ನೊಂದ್ಸಲ ಕಳಿಸ್ದೆ. ಆಗ್ಲೂ ಅಂಗೇ. ಆವತ್ತೇ ಗೊತ್ತಾಯ್ತು.’

‘ಹೆಂಗಮ್ಮ?’

‘ನಮ್ಮಪ್ಪಂಗೂ ಅಂಗೇ ಇತ್ತು. ಮೆಣಸಿನಕಾಯಿ ಬಿಡಿಸೋಕೋದ್ರೆ ಕಾಯಿ, ಹಣ್ಣು ಎಲ್ಲಾ ಒಂದೇ ಪುಟ್ಟಿಗೆ ಹಾಕ್ಬುಡೋರು. ಜನ ನಗ್ತಾರೆ ಅಂತ ನನ್ನ ಜೊತೇಲಿ ಕರ್ಕೊಂಡೋಗೋರು. ನಾನು ಬಗ್ಗಿ ಬಗ್ಗಿ ಬ್ಯಾರೆ ಮಾಡ್ತಿದ್ದೆ. ಯಾರ್ಗೂ ಹೇಳ್ಬ್ಯಾಡ ಮಗಾ ಅನ್ನೋರು. ಹೇಳ್ನಿಲ್ಲ, ನಿಮ್ಮಪ್ಪಂಗೂ ಹೇಳ್ನಿಲ್ಲ.’

ಇದು ತಾಯಿಯ ಕಡೆಯಿಂದ ಬರುವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಇಷ್ಟು ದಿನ ಯಾವುದನ್ನು ಬಚ್ಚಿಟ್ಟು ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆನೋ, ಅದನ್ನು ಅವಳು ನನಗಿಂತ ಮೊದಲೇ ಇಟ್ಟುಕೊಂಡಿದ್ದಳು. ‘ಅದಕ್ಕೆ ಕೊರಗ್ತಿದ್ದೀಯಾ ಅಮ್ಮ, ಇಷ್ಟು ವರ್ಷದಿಂದ?’ ಎಂದು ಕೇಳಿದೆ.

ಅಮ್ಮ ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು.

‘ಕೊರಗೋದ್ಯಾಕೋ? ನಮ್ಮಪ್ಪ ನಂಗೆ ಎಂಟು ವರ್ಷಕ್ಕೇ ಹೋಗ್ಬುಟ್ರು. ಒಂದು ಫೋಟೋನೂ ಇಲ್ಲ. ನೀನು ಆ ಟೊಮೇಟೊ ಹಿಡ್ಕೊಂಡು ಬಂದು ನಿಂತ್ಯಲ್ಲ, ಆವತ್ತು ನಾನು ಒಳಗೋಗಿ ಖುಸೀಲಿ ಅತ್ತುಬುಟ್ಟೆ.’