ಡಾಕ್ಟರು ಎಲ್ಲಿ ಎಂದು ಕೇಳಿದವರಿಗೆ

ಕೊರೊನಾದ ಓಡಾಟ ಮುಗಿದ ಮರುವರ್ಷ ನಾನು ಬಂಟ್ವಾಳ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿರಿಯ ಶುಶ್ರೂಷಾಧಿಕಾರಿಯಾಗಿದ್ದೆ. ಊರಿನ ಹೆಸರು ಬೇಡ. ಲಸಿಕೆ, ಹೆರಿಗೆ, ಔಷಧದ ದಾಸ್ತಾನು, ಕಿರಿಯ ನರ್ಸುಗಳ ಡ್ಯೂಟಿ ಎಲ್ಲವೂ ನನ್ನ ಹೊಣೆ. ಯಾವ ಆದೇಶದಲ್ಲೂ ಇಲ್ಲದ ಇನ್ನೊಂದು ಕೆಲಸವೂ ಇತ್ತು. ನಮ್ಮ ವೈದ್ಯಾಧಿಕಾರಿ ಬೆಳಿಗ್ಗೆ ಮುಖ ತೋರಿಸಿ, ಮೂಡುಬಿದಿರೆ ರಸ್ತೆಯಲ್ಲಿದ್ದ ತಮ್ಮ ಖಾಸಗಿ ಕ್ಲಿನಿಕ್‌ಗೆ ಹೋಗುತ್ತಿದ್ದರು. ಕೇಳಿದವರಿಗೆ ನಾವು "ಮೀಟಿಂಗಿಗೆ ಹೋಗಿದ್ದಾರೆ" ಎನ್ನಬೇಕು.

ಒಂದು ದಿನ ರಿಕ್ಷಾ ಚಾಲಕ ಹಸನಬ್ಬ ತನ್ನ ಹೆಂಡತಿ ಆಯಿಶಾರನ್ನು ಎತ್ತಿಕೊಂಡು ಬಂದರು. ಹುಲ್ಲು ಕೊಯ್ಯುವಾಗ ಕೊಳಕುಮಂಡಲ ಹಾವು ಬಲಗೈಗೆ ಕಚ್ಚಿತ್ತು. ನಾನು ತರಬೇತಿಗೆಂದು ಬೆಳ್ತಂಗಡಿಗೆ ಹೋಗಿದ್ದೆ. ಡ್ಯೂಟಿಯಲ್ಲಿದ್ದವಳು ಸವಿತಾ, ಗುತ್ತಿಗೆ ಮೇಲೆ ಸೇರಿದ ನರ್ಸ್. ಹಾವಿನ ವಿಷಕ್ಕೆ ಕೊಡುವ ಆಂಟಿವೆನಮ್ ನಮ್ಮಲ್ಲಿ ಇತ್ತು. ಆದರೆ ಅದು ಕೆಲವರ ಮೈಗೆ ಒಗ್ಗದೆ ಜೀವಕ್ಕೇ ಮುಳುವಾಗುವುದುಂಟು. ವೈದ್ಯರು ಎದುರಿಗಿಲ್ಲದೆ ಕೊಡುವಂತಿಲ್ಲ. ಸವಿತಾ ಡಾಕ್ಟರಿಗೆ ಪದೇ ಪದೇ ಫೋನ್ ಮಾಡಿದಳು. ಅವರು ಎತ್ತಲಿಲ್ಲ. ಕೊನೆಗೆ ಆಂಬುಲೆನ್ಸ್ ಕರೆಸಿ ಮಂಗಳೂರಿಗೆ ಕಳಿಸಿದಳು. ಆಯಿಶಾ ಬದುಕಿದರು, ಆದರೆ ಎರಡು ಬೆರಳು ಉಳಿಯಲಿಲ್ಲ. ಬೀಡಿ ಕಟ್ಟಿ ಸಂಸಾರ ತೂಗಿಸುತ್ತಿದ್ದ ಕೈ ಅದು.

ವಿಚಾರಣೆ ಬಂದಾಗ ಡಾಕ್ಟರು, "ನಾನು ಕ್ವಾರ್ಟರ್ಸ್‌ನಲ್ಲೇ ಇದ್ದೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಸಿಸ್ಟರ್ ಬಂದು ಕರೆಯಲಿಲ್ಲ" ಎಂದು ವರದಿ ಕೊಟ್ಟರು. ಸವಿತಾಳ ಗುತ್ತಿಗೆ ರದ್ದಾಯಿತು.

"ಅಕ್ಕ, ನಾನು ಎಂತ ತಪ್ಪು ಮಾಡಿದ್ದು?" ಎಂದು ಕೇಳಿ ಅವಳು ಬಸ್ಸು ಹತ್ತಿದಳು. ಈ ಮನುಷ್ಯನನ್ನು ಬಿಡುವುದಿಲ್ಲ ಎಂದು ನಾನು ನಿಶ್ಚಯಿಸಿದ್ದು ಆಗಲೇ. ನಡೆದದ್ದನ್ನೆಲ್ಲ ಬರೆದು ದೂರು ಕಳಿಸಿದೆ. ಮೇಲಿನವರು ಅದನ್ನು ಓದಿದರೋ ಇಲ್ಲವೋ, ಉತ್ತರ ಬರಲಿಲ್ಲ.

ಮರುವಾರ ಹಸನಬ್ಬ ಕೋಪದಲ್ಲಿ ಬಂದರು. "ಆ ಸಿಸ್ಟರ್ ಎಲ್ಲಿ? ಅವಳಿಂದ ಅಲ್ವಾ ಹೀಗಾದದ್ದು?"

"ಅವಳು ಫೋನ್ ಮಾಡಿ ಮಾಡಿ ಸೋತದ್ದು. ಡಾಕ್ಟರು ಅವರ ಕ್ಲಿನಿಕ್‌ನಲ್ಲಿ ಇದ್ದರು. ಈಗಲೂ ಅಲ್ಲೇ ಇದ್ದಾರೆ."

ಹಸನಬ್ಬ ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದವರ ಕಡೆ ತಿರುಗಿದರು. "ಡಾಕ್ಟರು ಬೇಕಾದವರು ಬನ್ನಿ. ನಾನು ಕರ್ಕೊಂಡು ಹೋಗ್ತೇನೆ."

ಅಂದಿನಿಂದ ನನ್ನ ಬಾಯಲ್ಲಿ 'ಮೀಟಿಂಗ್' ಎಂಬ ಪದ ಬರಲಿಲ್ಲ. ಕೇಳಿದವರಿಗೆಲ್ಲ ಕ್ಲಿನಿಕ್‌ನ ದಾರಿ ಹೇಳಿದೆ. "ಇದು ಸರಕಾರಿ ಸಮಯ, ಫೀಸು ಕೊಡಬೇಡಿ" ಎಂದೂ ಹೇಳಿ ಕಳಿಸಿದೆ. ಸ್ಟ್ಯಾಂಡಿನ ಉಳಿದ ರಿಕ್ಷಾದವರೂ ಸೇರಿಕೊಂಡರು. ಕ್ಲಿನಿಕ್‌ನಲ್ಲಿ ದುಡ್ಡು ಕೊಟ್ಟು ಬಂದವರ ಪಕ್ಕದಲ್ಲಿ ನಮ್ಮ ಜ್ವರದವರು, ಕೆಮ್ಮಿನವರು ಒತ್ತಾಗಿ ಕುಳಿತರು.

ಡಾಕ್ಟರು ನನ್ನ ಕೋಣೆಗೆ ಬಂದರು. "ಇದೆಂತ ಸಿಸ್ಟರ್? ಮೀಟಿಂಗ್ ಅಂತ ಹೇಳಿದ್ರೆ ಸಾಕಲ್ವಾ?"

"ಸವಿತಾ ಇರುವಾಗ ಸಾಕಿತ್ತು, ಸರ್."

"ಅವಳನ್ನು ವಾಪಸ್ ತೆಗೆದುಕೊಳ್ಳುವ. ಇದನ್ನು ಇಲ್ಲಿಗೇ ಬಿಡುವ."

"ನಿಮ್ಮ ವರದಿ ಸುಳ್ಳು ಅಂತ ಬರೆದುಕೊಡಿ. ಬಿಡುತ್ತೇನೆ."

"ಹಾಗೆ ಬರೆದರೆ ನನ್ನ ಕೆಲಸ ಹೋಗ್ತದೆ."

"ಅವಳದ್ದು ಹೋಯ್ತಲ್ಲ, ಸರ್."

ಅವರು ಬರೆಯಲಿಲ್ಲ. ನಾನೂ ನಿಲ್ಲಿಸಲಿಲ್ಲ. ಕ್ಲಿನಿಕ್‌ನ ಗಲಾಟೆ ಪೇಟೆಯಲ್ಲಿ ಸುದ್ದಿಯಾಗಿ ಜಿಲ್ಲೆಯವರೆಗೆ ಹೋಯಿತು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಮೇಲಧಿಕಾರಿಯ ಜೀಪು ಬಂತು. "ಡಾಕ್ಟರು ಎಲ್ಲಿ?" ಎಂದು ಕೇಳಿದರು. ಹೇಳಿದೆ. "ನನ್ನ ಹಿಂದೆ ಬನ್ನಿ ಸರ್, ತೋರಿಸ್ತೇನೆ" ಎಂದು ಹಸನಬ್ಬ ರಿಕ್ಷಾ ಸ್ಟಾರ್ಟ್ ಮಾಡಿದರು. ಜೀಪು ರಿಕ್ಷಾದ ಹಿಂದೆ ಹೋಗುವುದನ್ನು ನಾನು ಮೆಟ್ಟಿಲ ಮೇಲೆ ನಿಂತು, ತಿರುವು ದಾಟುವವರೆಗೂ ನೋಡಿದೆ. ಅಷ್ಟು ಖುಷಿಯ ದಿನ ನನ್ನ ಸರ್ವೀಸಿನಲ್ಲಿ ಇನ್ನೊಂದಿಲ್ಲ.

ಡಾಕ್ಟರು ಅಮಾನತಾದರು. ವಿಚಾರಣೆಯಲ್ಲಿ ಹಳೆಯ ವರದಿಯೂ ಸುಳ್ಳೆಂದು ತೀರ್ಮಾನವಾಯಿತು. ಸವಿತಾಳನ್ನು ಮತ್ತೆ ಕರೆದರೂ ಅವಳು ಬರಲಿಲ್ಲ. ಮೂಡುಬಿದಿರೆಯ ಒಂದು ಆಸ್ಪತ್ರೆಗೆ ಸೇರಿಯಾಗಿತ್ತು. "ನನ್ನ ಹೆಸರು ಸರಿಯಾಯ್ತಲ್ಲ ಅಕ್ಕ, ಸಾಕು" ಎಂದಳು. ಆಯಿಶಾರ ಬೆರಳಿಗೆ ಯಾರೂ ಏನೂ ಮಾಡುವಂತಿರಲಿಲ್ಲ.

ಕಳೆದ ವರ್ಷ ತೋಡಾರಿನಲ್ಲಿ ಒಂದು ಮದುವೆ ಊಟದಲ್ಲಿ ಆ ಡಾಕ್ಟರು ಎದುರಾದರು. ನನ್ನನ್ನು ಕಂಡು ಎದ್ದು ಬೇರೆ ಸಾಲಿಗೆ ಹೋದರು. ಪಕ್ಕದಲ್ಲಿದ್ದ ಗೆಳತಿ, "ಪಾಪ, ಕ್ಷಮಿಸಬಹುದಿತ್ತು" ಎಂದಳು.

"ಕ್ಷಮಿಸಬೇಕಾದವರು ಸವಿತಾ, ಆಯಿಶಾ. ಅವರ ಮನೆಬಾಗಿಲಿಗೆ ಇವರು ಇಷ್ಟರವರೆಗೆ ಹೋಗಿಲ್ಲ" ಎಂದೆ.

ನರ್ಸುಗಳಿಗೆ ತಾಳ್ಮೆ ಬೇಕೆಂದು ಎಲ್ಲರೂ ಕಲಿಸುತ್ತಾರೆ. ರೋಗಿಯ ಎದುರು ಅದು ಬೇಕೇ ಬೇಕು. ಆದರೆ ಮೇಲಿನವರ ಸುಳ್ಳನ್ನು ತಾಳಿಕೊಂಡರೆ ಪೆಟ್ಟು ಬೀಳುವುದು ನಮಗಿಂತ ಕಿರಿಯರಿಗೆ. ಅವರಿಗೆ ಪೆಟ್ಟು ಬಿದ್ದ ಮೇಲೂ ಸುಮ್ಮನಿರುವವಳು ಹಿರಿಯ ಸಿಸ್ಟರಿನ ಕುರ್ಚಿಯಲ್ಲಿ ಕೂರಬಾರದು.