ತಾಮ್ರಕ್ಕೆ ಹೊಂದುವ ಬಣ್ಣ

ನಮ್ಮ ಬಚ್ಚಲುಮನೆಗೆ ಬಣ್ಣ ಆರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಗಂಡನ ಎರಡನೇ ಮದುವೆ ನಿಶ್ಚಯವಾದ ವಾರದಲ್ಲಿ. ಈಗ ಹೇಳಿದರೆ ಕೇಳಿದವರು ಅಯ್ಯೋ ಅನ್ನುತ್ತಾರೆ. ಆಗ ನನಗೆ ಹಾಗೇನೂ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ ಎಂದರೇ ಸರಿ. ಹಲ್ಲು ಕಿತ್ತ ಜಾಗವನ್ನು ನಾಲಿಗೆ ಸುಮ್ಮನೆ ಹೋಗಿ ಮುಟ್ಟಿ ಬರುತ್ತದಲ್ಲ, ಹಾಗೆ ಆಗಾಗ ಮನಸ್ಸನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನೋವೂ ಇರಲಿಲ್ಲ, ಹಲ್ಲೂ ಇರಲಿಲ್ಲ.

ನಮ್ಮ ಮನೆ ಇದ್ದದ್ದು ತಮಿಳು ಸೀಮೆಯ ಉತ್ತಮಪಾಳಯದಲ್ಲಿ, ನಮ್ಮವರ ಮನೆಮಾತು ಮಾತ್ರ ಕನ್ನಡ. ನಾನು ಅಲ್ಲೇ ಹತ್ತಿರದ ಗೂಡಲೂರಿನಿಂದ ಸೊಸೆಯಾಗಿ ಬಂದವಳು. ನನಗೆ ಮಕ್ಕಳಾಗಲಿಲ್ಲ. ಅದಕ್ಕೆ ಮಾಡಬೇಕಾದ ಹರಕೆ, ಕಷಾಯ, ಉಪವಾಸ ಎಲ್ಲವನ್ನೂ ಮಾಡಿ ಮುಗಿಸಿದ್ದೆ. ಬೆಟ್ಟ ಕೊರೆದು ಆಚೆ ಸೀಮೆಯ ನೀರನ್ನು ನಮ್ಮ ಹೊಳೆಗೆ ತಿರುಗಿಸಿದ ಮೇಲೆ ಗದ್ದೆ ವರ್ಷಕ್ಕೆ ಎರಡು ಬೆಳೆ ಕೊಡತೊಡಗಿತ್ತು. ಇಷ್ಟು ಭತ್ತ ಯಾರಿಗೆ ಅಂತ ಬೆಳೆಯುವುದು ಎಂದು ಅತ್ತೆ ಊಟಕ್ಕೆ ಕೂತಾಗಲೆಲ್ಲ ಅನ್ನುತ್ತಿದ್ದರು. ಬಡಿಸುತ್ತಿದ್ದವಳು ನಾನೇ. ಅನ್ನದ ಮೇಲೆ ಸಾರು ಹಾಕಿ ಒಳಗೆ ಹೋಗುತ್ತಿದ್ದೆ.

ಕೊನೆಗೆ ದಿಂಡಿಗಲ್ಲಿನ ಕಡೆ ನಮ್ಮವರದೇ ಒಂದು ಹುಡುಗಿ ಗೊತ್ತಾಯಿತು. ಅವಳ ತಂದೆಗೆ ಹೊಗೆಸೊಪ್ಪಿನ ವ್ಯಾಪಾರ. ಅವಳ ಮನೆಯಲ್ಲಿ ಹೆಂಗಸರು ನಾಲ್ಕು ಗೋಡೆಯೊಳಗೇ ಮೀಯುತ್ತಾರೆಂದೂ ಹೊಳೆಗೆ ಇಳಿಯುವ ಅಭ್ಯಾಸವೇ ಇಲ್ಲವೆಂದೂ ಸುದ್ದಿ ಬಂತು. ನಮ್ಮ ಬಚ್ಚಲಾದರೋ ಹೊಗೆ ಹಿಡಿದು ಕರ್ರಗಾಗಿತ್ತು, ಒಲೆ ಬಿರುಕು ಬಿಟ್ಟಿತ್ತು. ಅತ್ತೆ ನನ್ನನ್ನು ಕರೆದರು.

"ಆ ಎಣ್ಣು ಒಳೇಲಿ ಮೀಯಾಕೆ ಬರಾಳಾ? ಬಚ್ಚಲ ಸರಿ ಮಾಡಿಸು ಕಣ್ಣು. ಬಣ್ಣ, ಚೊಂಬು, ಮಣೆ ಎಲ್ಲಾ ಒಂದಕ್ಕೊಂದು ಒಂದೋ ಅಂಗೆ ನೀನೇ ನೋಡಿ ಇಕ್ಕು. ನಿಂಗೆ ಅದೆಲ್ಲ ನಲ್ಲಾ ಗೊತ್ತು" ಅಂದರು.

ಕಣ್ಣು ಅಂದದ್ದು ಮುದ್ದಿಗೇ, ಮಾತಿನಲ್ಲಿ ಕುಹಕವಿರಲಿಲ್ಲ. ನನ್ನ ಕೈಗುಣದ ಮೇಲೆ ಅವರಿಗೆ ನಿಜಕ್ಕೂ ನಂಬಿಕೆಯಿತ್ತು. ಸವತಿಗೆ ಬಚ್ಚಲು ಸಿಂಗರಿಸು ಎಂದು ಹೇಳುತ್ತಿದ್ದೇನೆ ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ ಅಂತ ಕಾಣುತ್ತದೆ.

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ಹೇಳಬೇಕು. ಸೊಸೆ ಬರುವಾಗ ತವರಿನಿಂದ ನೀರು ಕಾಯಿಸುವ ಹಂಡೆ ತರುತ್ತಾಳೆ. ಅದನ್ನು ಬಚ್ಚಲ ಒಲೆಯ ಮೇಲೆ ಗಾರೆ ಹಾಕಿ ಕೂರಿಸುತ್ತಾರೆ. ಹಂಡೆ ಕೂತರೆ ಅವಳು ಆ ಮನೆಯ ಯಜಮಾನಿ. ನಾನು ಬಂದಾಗ ಅತ್ತೆಯ ಹಂಡೆಯನ್ನು ಕಿತ್ತು ನನ್ನ ತಾಮ್ರದ ಹಂಡೆಯನ್ನು ಕೂರಿಸಿದ್ದರು. ಅತ್ತೆಯದು ಕೊಟ್ಟಿಗೆಗೆ ಹೋಗಿ ಎತ್ತುಗಳಿಗೆ ಹುರುಳಿ ಬೇಯಿಸುವ ಪಾತ್ರೆಯಾಯಿತು. ಇಬ್ಬರು ಹೆಂಡಿರಾದರೆ ಹಿರಿಯವಳ ಹಂಡೆಯೇ ಒಲೆಯ ಮೇಲೆ ಇರಬೇಕು. ಅವಳೇ ಬಾಯಿಬಿಟ್ಟು ಬೇಡ ಅಂದರೆ ಮಾತ್ರ ಇನ್ನೊಂದು ಕೂರಬಹುದು. ಹಾಗೆ ಬೇಡ ಅಂದವಳು ತನ್ನ ಹಂಡೆ ತೆಗೆದುಕೊಂಡು ತವರಿಗೆ ಹೊರಟರೆ ತಡೆಯುವ ಹಕ್ಕು ಯಾರಿಗೂ ಇಲ್ಲ.

ಗಾರೆ ಕೆಲಸದವನು ಹಳೇ ಒಲೆ ಒಡೆದು ನನ್ನ ಹಂಡೆಯನ್ನು ಅಂಗಳಕ್ಕೆ ತಂದಿಟ್ಟ. ಹುಣಸೆಹಣ್ಣು ಹಚ್ಚಿ ಮಸಿಯೆಲ್ಲ ಹೋಗುವ ತನಕ ಉಜ್ಜಿದೆ. ಒಲೆಯ ಮೇಲೆ ಇದ್ದಷ್ಟು ದಿನವೂ ಅದರ ಕತ್ತು ಮಾತ್ರ ಕಾಣುತ್ತಿತ್ತು. ಈಗ ಬಿಸಿಲಿನಲ್ಲಿ ಅದರ ಹೊಟ್ಟೆ ಕೆಂಪಗೆ ಹೊಳೆಯಿತು. ಆಗಲೇ ನಾನು ತೀರ್ಮಾನ ಮಾಡಿದ್ದು: ಈ ಕೆಂಪಿಗೆ ಯಾವುದು ಹೊಂದುತ್ತದೋ ಅದೇ ಬಣ್ಣ.

ಬರೀ ಸುಣ್ಣ ಬಳಿಸಿ ನೋಡಿದೆ. ಬಿಳಿ ಗೋಡೆಯ ಪಕ್ಕ ತಾಮ್ರ ತೊಳೆಯದ ಪಾತ್ರೆಯ ಹಾಗೆ ಕಂಡಿತು. ಹಳದಿ ಮಣ್ಣು ಕಲಸಿ ಒಂದು ಮೂಲೆಗೆ ಬಳಿಸಿದೆ. ತಾಮ್ರ ಅದರಲ್ಲಿ ಮುಳುಗಿಹೋಯಿತು. ಆಮೇಲೆ ಸುಣ್ಣಕ್ಕೆ ಮೈಲುತುತ್ತ ಬೆರೆಸಿದೆ. ಮೊದಲ ಸಲ ಕೈ ಮೀರಿ ಗೋಡೆ ನವಿಲಿನ ಕತ್ತಿನಂತೆ ಕಣ್ಣು ಕುಕ್ಕುವ ಹಾಗಾಯಿತು. ಪಕ್ಕದ ಮನೆಯವಳು ಇಣುಕಿ, "ಏನಕ್ಕ, ಬಚ್ಚಲಾಗೆ ಮಯಿಲು ಕಟ್ಟಾಕ್ತೀಯಾ?" ಎಂದು ನಕ್ಕಳು. ನಾನೂ ನಕ್ಕೆ. ನಗುವುದು ಬಾಯಿಗೆ ಅಭ್ಯಾಸವಾದ ಕೆಲಸ, ಅದಕ್ಕೆ ಒಳಗಿನ ಅಪ್ಪಣೆ ಬೇಕಿಲ್ಲ. ಇನ್ನಷ್ಟು ಸುಣ್ಣ ಸುರಿದು ತಿಳಿ ಮಾಡಿದಾಗ ಮುಂಜಾನೆಯ ಆಕಾಶದಂಥ ನೀಲಿ ಬಂತು. ಸೊಂಟದ ಮಟ್ಟದಿಂದ ಕೆಳಕ್ಕೆ ಕಾವಿ ಬಳಿಸಿದೆ. ನಡುವೆ ಒಂದು ಬಿಳಿ ಪಟ್ಟೆ.

ಹಿಡಿದ ಕೆಲಸ ನನ್ನನ್ನು ಬಿಡಲಿಲ್ಲ. ಚೊಂಬು, ತಂಬಿಗೆ ಎಲ್ಲ ತಾಮ್ರದ್ದೇ ಆರಿಸಿದೆ. ಹಿತ್ತಾಳೆಯವನ್ನು ಅಡುಗೆಮನೆಗೆ ಸಾಗಿಸಿದೆ. ಸೀಗೆಪುಡಿಗೆ ಹಲಸಿನ ಮರದ ಡಬ್ಬಿ, ಕೂರಲು ಹಲಸಿನ ಮಣೆ, ಸೀರೆ ಹಾಕಲು ಅದೇ ಮರದ ಗೂಟಗಳು. ಅರಿಸಿನ ತೇಯುವ ಕಲ್ಲೊಂದು ಬೂದು ಬಣ್ಣದ್ದಿತ್ತು, ಅದನ್ನು ಕೂಡ ಬದಲಾಯಿಸಿ ಕೆಂಗಲ್ಲು ಇಟ್ಟೆ. ಬಾಗಿಲಿನ ಪರದೆಗೆ ಚಿನ್ನಾಳಪಟ್ಟಿಯ ನೇಯ್ಗೆಯವರಿಂದ ಅರಗಿನ ಕೆಂಪಿನ ಬಟ್ಟೆ ತರಿಸಿದೆ. ಅಂಚು ನೀಲಿಯೇ ಇರಬೇಕೆಂದು ಗೋಡೆಯ ಗಾರೆಯ ಒಂದು ಚೂರನ್ನು ಮಾದರಿಗೆ ಕಳಿಸಿದ್ದೆ. ಅತ್ತೆ, "ಏನು ಎಣ್ಣಮ್ಮ ನೀನು, ಸಾಮಿ ಮನೆಗೂ ಇಷ್ಟು ಮಾಡಿಲ್ಲ" ಅಂದರು.

ಅವರಿಗೆ ತಿಳಿದಿರಲಿಲ್ಲ, ನನಗೂ ಆಗ ಪೂರ್ತಿ ತಿಳಿದಿರಲಿಲ್ಲ. ನಾನು ಆ ಹುಡುಗಿಗೆ ಬಚ್ಚಲು ಕಟ್ಟುತ್ತಿರಲಿಲ್ಲ. ನನ್ನ ಹಂಡೆಯೊಂದನ್ನು ಬಿಟ್ಟರೆ ಬೇರೆ ಯಾವುದೂ ಹೊಂದದಂಥ ಕೋಣೆಯನ್ನು ಮಾಡುತ್ತಿದ್ದೆ. ನಾನು ಬಾಯಿ ತೆರೆಯದಿದ್ದರೂ ಗೋಡೆ, ಪರದೆ, ಮಣೆ ಎಲ್ಲ ಸೇರಿ ನನ್ನ ಪರ ಮಾತಾಡುತ್ತವೆ ಎಂದುಕೊಂಡಿದ್ದೆ. ಎಂಥ ಹುಚ್ಚು.

ಕೆಲಸ ಮುಗಿಯುತ್ತ ಬಂದ ದಿನ ನನ್ನ ಗಂಡ ಗದ್ದೆಯಿಂದ ಬಂದು ಕಾಲು ತೊಳೆಯುವ ನೆಪದಲ್ಲಿ ಬಚ್ಚಲೊಳಗೆ ನಿಂತರು. ಬಹಳ ಹೊತ್ತು ನೋಡಿ, "ನಲ್ಲಾಗದೆ" ಅಂದರು, ಚೆನ್ನಾಗಿದೆ ಅಂತ. ಮದುವೆಯ ಮಾತು ಶುರುವಾದ ಮೇಲೆ ನನ್ನೊಡನೆ ಅವರಾಡಿದ್ದು ಅದೊಂದೇ ಮಾತು. ನನ್ನೊಳಗೆ ಏನೋ ಮಿಸುಕಿತು. ಆಸೆ ಇನ್ನೂ ಸತ್ತಿಲ್ಲವೆಂದು ಗೊತ್ತಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಒಲೆಗೆ ಹಂಡೆ ಕೂರಿಸುವ ಬೆಳಿಗ್ಗೆ ದಿಂಡಿಗಲ್ಲಿನಿಂದ ಗಾಡಿ ಬಂತು. ಹುಡುಗಿಯ ಸೋದರಮಾವ ಇಳಿದು, ಆಳುಗಳ ಕೈಯಲ್ಲಿ ಒಂದು ಹಿತ್ತಾಳೆಯ ಹಂಡೆ ಇಳಿಸಿದ. ಹೊಚ್ಚಹೊಸದು, ನನ್ನದಕ್ಕಿಂತ ದೊಡ್ಡದು, ಕತ್ತಿನ ಸುತ್ತ ಬಳ್ಳಿಯ ಚಿತ್ತಾರ. ಅದನ್ನು ನನ್ನ ಹಂಡೆಯ ಪಕ್ಕದಲ್ಲೇ ಇಟ್ಟರು. ಅತ್ತೆ ಬಂದವನಿಗೆ ಮಜ್ಜಿಗೆ ತರಲು ಒಳಗೆ ಹೋದವರು ಬೇಗ ಹೊರಗೆ ಬರಲಿಲ್ಲ.

ಗಾರೆ ಕಲಸಿ ಸಿದ್ಧವಾಗಿತ್ತು. ಕೆಲಸದವನು ತಮಿಳಿನಲ್ಲಿ, "ಎಂದ ಅಂಡಾವ ವೈಕ್ಕಟ್ಟುಂ?" ಎಂದು, ಯಾವ ಹಂಡೆ ಇಡಲಿ ಎಂದು ನನ್ನ ಗಂಡನನ್ನು ಕೇಳಿದ.

ಅವರು ನನ್ನ ಕಡೆ ನೋಡದೆ, "ಅವಳನ್ನೇ ಕೇಳು" ಅಂದರು.

ಪದ್ಧತಿಯ ಪ್ರಕಾರ ಅದು ಸರಿಯಾದ ಮಾತೇ. ಹೇಳಬೇಕಾದವಳು ನಾನು. 'ನಂದು' ಎಂಬ ಒಂದು ಮಾತು ಸಾಕಿತ್ತು, ಯಾರೂ ಎದುರಾಡುವಂತಿರಲಿಲ್ಲ. ಆದರೆ ಅಷ್ಟು ದಿನ ಗೋಡೆಗೆ ಬಣ್ಣ ಬಳಿದು ಬಳಿದು ನಾನು ಕಾದದ್ದು ನನ್ನ ಬಾಯಿಂದ ಅದನ್ನು ಕೇಳಿಸಿಕೊಳ್ಳುವುದಕ್ಕಲ್ಲ. ಈ ಗೋಡೆಗೆ ತಾಮ್ರವೇ ಚೆಂದ ಎಂದು ಅವರು ಅಂದರೆ ಸಾಕಾಗಿತ್ತು. ಬೇರೇನೂ ಬೇಡವಾಗಿತ್ತು, ಆ ಹುಡುಗಿ ಬಂದರೂ ಬಾಳುತ್ತಿದ್ದೆ. ಅವರು ನೀಲಿ ಗೋಡೆಯನ್ನೇ ನೋಡುತ್ತ ನಿಂತಿದ್ದರು.

"ಇತ್ತಾಳೇದು ಇಕ್ಕಪ್ಪ" ಅಂದೆ.

ಬೇಡ ಎಂದು ಅವರು ಅನ್ನಲಿ ಅಂತ ಅಂದದ್ದು. ಕೆಲಸದವನೂ ಹಾಗೆಯೇ ಎಣಿಸಿದನೋ ಏನೋ, ಕೈಯಲ್ಲಿ ಗಾರೆ ಹಿಡಿದು ಅವರ ಮುಖ ನೋಡಿದ.

"ಗಾರೆ ಒಣಗ್ತದೆ. ಇಕ್ಕು" ಅಂದರು.

ಹಿತ್ತಾಳೆಯ ಹಂಡೆಯನ್ನು ನಾಲ್ವರು ಎತ್ತಿ ಒಲೆಯ ಮೇಲೆ ಇಟ್ಟರು. ಸುತ್ತ ಗಾರೆ ಮೆತ್ತಿ ನುಣ್ಣಗೆ ಮಾಡಿದರು. ಅಂದುಕೊಂಡಷ್ಟು ಕೆಟ್ಟದಾಗಿಯೇನೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನೀಲಿಯ ಮುಂದೆ ಹಿತ್ತಾಳೆಯೂ ಚೆನ್ನಾಗಿಯೇ ಒಪ್ಪಿತು.

ನಾನು ಒಳಗೆ ಹೋಗಿ ನನ್ನ ಸೀರೆಗಳನ್ನು ಗಂಟು ಕಟ್ಟಿದೆ. ಅತ್ತೆ ಹಿಂದೆಯೇ ಬಂದು ಕೈ ಹಿಡಿದುಕೊಂಡರು. "ಯಾರು ಓಗು ಅಂದ್ರು ನಿನ್ನ? ನಾನು ಅಂದ್ನಾ?" ಅವರ ಕಣ್ಣಲ್ಲಿ ನೀರಿತ್ತು. ಇಲ್ಲ ಅತ್ತೆ, ಯಾರೂ ಅನ್ನಲಿಲ್ಲ ಎಂದೆ. ಅವರ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡೆ. ಅವರ ಮೇಲೆ ಸಿಟ್ಟಿರಲಿಲ್ಲ. ಯಾರ ಮೇಲೂ ಇರಲಿಲ್ಲ.

ಗಾಡಿ ಕಟ್ಟಿದರು. ಹಂಡೆಯನ್ನು ಆಳುಗಳು ಎತ್ತಲು ಬಂದಾಗ ನನ್ನ ಗಂಡ, "ಬುಡಿ, ನಾನೇ ಇಕ್ತೀನಿ" ಎಂದು ಮುಂದೆ ಬಂದರು. ಗಾಡಿಯ ತಳಕ್ಕೆ ಹುಲ್ಲು ಹಾಸಿ, ಹಂಡೆ ಇಟ್ಟು, ಅಲುಗದ ಹಾಗೆ ಸುತ್ತಲೂ ಹುಲ್ಲು ತುರುಕಿದರು. ಅಲುಗಾಡಿಸಿ ನೋಡಿ ಇನ್ನೊಂದಿಷ್ಟು ತುರುಕಿದರು. ನಾನು ಹತ್ತಿ ಅದರ ಪಕ್ಕದಲ್ಲಿ ಕೂತೆ.

ಅವರು ಗಾಡಿಯವನ ಬಳಿ ಹೋಗಿ, "ಗೂಡಲೂರು ದಾರೀಲಿ ಕಲ್ಲು ಜಾಸ್ತಿ. ಮೆತ್ತಗೆ ಓಗಪ್ಪ, ನೊಂದುಬುಡ್ತದೆ" ಅಂದರು. ಹಂಡೆಯ ಮಾತು.

ನನ್ನ ಕಡೆ ತಿರುಗಿ ಅದರಲ್ಲಿ ಅರ್ಧ ಅಂದಿದ್ದರೂ ಇಳಿದುಬಿಡುತ್ತಿದ್ದೆ.